ಆಟ ಸೋತರೂ ಯಜಮಾನ ಕುರ್ಚಿ ಬಿಡುವುದಿಲ್ಲವೇಕೆ? ಯೂಬಿಸಾಫ್ಟ್‌ನ ಒಳಗುಟ್ಟು

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರದ ಮೆಟ್ಟಿಲು ಹತ್ತಿದವರಿಗೆ ‘ಪ್ರಿನ್ಸ್’ ಗೊತ್ತಿರುತ್ತದೆ. ಬಿಳಿ ಬಟ್ಟೆಯ ರಾಜಕುಮಾರ, ಕಾಲಿಟ್ಟರೆ ಕುಸಿಯುವ ಕಲ್ಲುಹಾಸು, ನೆಲದಿಂದ ಚಕ್ಕನೆ ಮೇಲೇಳುವ ಮೊನೆಗಳು, ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಲು ಸರಿಯಾಗಿ 60 ನಿಮಿಷ. ಡಾಸ್ ಕಲಿಯಲು ಕಟ್ಟಿದ ಶುಲ್ಕದಲ್ಲಿ ಅರ್ಧ ಈ ಆಟಕ್ಕೇ ಸಂದಿತು ಎಂದರೆ ಬಹಳ ಮಂದಿ ತಲೆಯಾಡಿಸಿಯಾರು.

‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಅದೇ ಹೆಸರನ್ನು 2003ರಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ಆಟದ ಮೂಲಕ ಮತ್ತೆ ಜನಪ್ರಿಯಗೊಳಿಸಿದ್ದು ಫ್ರಾನ್ಸ್‌ನ ಯೂಬಿಸಾಫ್ಟ್ ಕಂಪನಿ. ಆ ಆಟವನ್ನು ಇಂದಿನ ಯಂತ್ರಗಳಿಗೆ ತಕ್ಕಂತೆ ಹೊಸದಾಗಿ ಕಟ್ಟುವ ಕೆಲಸ ತನ್ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳದ್ದು ಎಂದು 2020ರಲ್ಲಿ ಕಂಪನಿ ಪ್ರಕಟಿಸಿದಾಗ ಭಾರತದ ಗೇಮಿಂಗ್ ವಲಯ ಹಿಗ್ಗಿತ್ತು. ಮೊದಲ ತುಣುಕು ನೋಡಿದ ಜನ ಚಿತ್ರಗಳು ಹಳೆಯದರಂತಿವೆ ಎಂದು ಗೇಲಿ ಮಾಡಿದರು. ಬಿಡುಗಡೆ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. 2022ರಲ್ಲಿ ಕೆಲಸವೇ ಕೆನಡಾದ ಮಾಂಟ್ರಿಯಲ್‌ಗೆ ಹೋಯಿತು. 2026ರ ಜನವರಿಯಲ್ಲಿ ಆಟ ರದ್ದಾಯಿತು.

ಅಂದು ರದ್ದಾದದ್ದು ಇದೊಂದೇ ಅಲ್ಲ, ಒಟ್ಟು ಆರು ಆಟಗಳು. ಕೆಲವು ಸ್ಟುಡಿಯೊಗಳಿಗೆ ಬೀಗ ಬಿತ್ತು. ಮರುದಿನ ಷೇರಿನ ಬೆಲೆ ಒಂದೇ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಕೆಲವು ವರ್ಷಗಳಿಂದ ಕೇಳಿಬರುತ್ತಿದ್ದ ಒಂದು ಪ್ರಶ್ನೆಗೆ ಆಗ ಮತ್ತೆ ಜೀವ ಬಂತು: ಈವ್ ಗಿಯೆಮೊ ಇನ್ನೂ ಏಕೆ ಮುಖ್ಯಸ್ಥರಾಗಿದ್ದಾರೆ?

ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಅವರು ಮಾಡಿಸಿದ ಆಟಗಳ ಗುಣದೋಷಕ್ಕೆ ಕೈಹಾಕುತ್ತಾರೆ. ಉತ್ತರದ ಹೆಚ್ಚಿನ ಪಾಲು ಇರುವುದು ಮತಗಳ ಲೆಕ್ಕದಲ್ಲಿ.

ರೈತರಿಗೆ ಸಾಮಾನು ಮಾರುತ್ತಿದ್ದ ಮನೆ

ಫ್ರಾನ್ಸ್‌ನ ವಾಯವ್ಯದಲ್ಲಿ ಬ್ರಿಟನಿ ಎಂಬ ಕೃಷಿ ಪ್ರಾಂತ್ಯವಿದೆ. ಗಿಯೆಮೊ ಕುಟುಂಬ ಅಲ್ಲಿ ರೈತರಿಗೆ ಬೇಕಾದ ಸಾಮಾನು ಮಾರುತ್ತಿತ್ತು. ಐವರು ಅಣ್ಣತಮ್ಮಂದಿರು. ಕಂಪ್ಯೂಟರ್ ಮತ್ತು ಆಟಗಳ ಡಿಸ್ಕ್‌ಗಳು ಫ್ರಾನ್ಸ್‌ಗಿಂತ ಬ್ರಿಟನ್ನಿನಲ್ಲಿ ಬಹಳ ಅಗ್ಗ ಎಂದು ಎಂಬತ್ತರ ದಶಕದಲ್ಲಿ ಇವರಿಗೆ ತಿಳಿಯಿತು. ಅಲ್ಲಿಂದ ತರಿಸಿ ಅಂಚೆಯ ಮೂಲಕ ಮಾರತೊಡಗಿದರು. ಬೇರೆಯವರ ಆಟ ಮಾರುವುದಕ್ಕಿಂತ ತಾವೇ ಮಾಡಿಸಿದರಾಯಿತು ಎಂದು 1986ರಲ್ಲಿ ಯೂಬಿಸಾಫ್ಟ್ ಕಟ್ಟಿದರು. ಐವರಲ್ಲಿ ಒಬ್ಬರಾದ ಈವ್ ಅದರ ಚುಕ್ಕಾಣಿ ಹಿಡಿದವರು.

‘ಅಸ್ಯಾಸಿನ್ಸ್ ಕ್ರೀಡ್’, ‘ಫಾರ್ ಕ್ರೈ’, ‘ರೇನ್‌ಬೋ ಸಿಕ್ಸ್’, ಟಿವಿ ಮುಂದೆ ಮಕ್ಕಳು ಕುಣಿಯುವ ‘ಜಸ್ಟ್ ಡ್ಯಾನ್ಸ್’ ಎಲ್ಲವೂ ಈ ಮನೆಯವೇ. 2022ರ ಹೊತ್ತಿಗೆ ನೌಕರರ ಸಂಖ್ಯೆ 20 ಸಾವಿರ ದಾಟಿತ್ತು. 2018ರಲ್ಲಿ ಒಂದು ಷೇರಿನ ಬೆಲೆ 100 ಯೂರೊ ಮೀರಿತ್ತು. 2026ರ ಜನವರಿಯ ಆ ಕುಸಿತದಲ್ಲಿ ಅದು 5 ಯೂರೊಗಿಂತ ಕೆಳಕ್ಕಿಳಿಯಿತು.

ಅಡಿಕೆ ತೋಟದ ಲೆಕ್ಕ

ಇಷ್ಟು ದೊಡ್ಡ ಮನೆ ಹೀಗೇಕೆ ಕುಸಿಯಿತು ಎಂದು ತಿಳಿಯಲು ಆಟಗಳು ತಯಾರಾಗುವ ಬಗೆ ಗೊತ್ತಿರಬೇಕು. ಮಲೆನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಡಿಕೆ ಸಸಿ ನೆಟ್ಟವನು ಫಸಲು ನೋಡಲು ಐದಾರು ವರ್ಷ ಕಾಯಬೇಕು. ಅಷ್ಟೂ ವರ್ಷ ಗೊಬ್ಬರ, ನೀರು, ಆಳಿನ ಕೂಲಿ ಕೈಯಿಂದ ಹೋಗುತ್ತಿರುತ್ತದೆ. ನಡುವೆ ಬಾಳೆ ಹಾಕಿ ಒಂದಿಷ್ಟು ಕಾಸು ನೋಡಿಕೊಳ್ಳುತ್ತಾರೆ. ದೊಡ್ಡ ಗೇಮ್‌ನ ಕಥೆಯೂ ಇದೇ. ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ, ಬಿಡುಗಡೆಯ ದಿನದವರೆಗೆ ಒಂದು ಪೈಸೆ ಬರುವುದಿಲ್ಲ. ಹಳೆಯ ಹೆಸರಿನ ಮುಂದಿನ ಭಾಗಗಳೇ ಇಲ್ಲಿ ಬಾಳೆಗೊನೆ.

ಯೂಬಿಸಾಫ್ಟ್ ಆ ಬಾಳೆಯನ್ನು ಬಿಡುವಿಲ್ಲದೆ ಕೊಯ್ದಿತು. 2009ರಿಂದ 2015ರವರೆಗೆ ಒಂದು ವರ್ಷವೂ ತಪ್ಪದೆ ‘ಅಸ್ಯಾಸಿನ್ಸ್ ಕ್ರೀಡ್’ ಸರಣಿಯ ಪ್ರಮುಖ ಆಟ ಬಂತು. ದಣಿವು ಕಾಣಿಸಿದ್ದು 2014ರಲ್ಲಿ. ಫ್ರೆಂಚ್ ಕ್ರಾಂತಿಯ ಕಾಲದ ಪ್ಯಾರಿಸ್ ಕಥೆಯಿದ್ದ ಆ ವರ್ಷದ ಆಟದಲ್ಲಿ ತಾಂತ್ರಿಕ ದೋಷದಿಂದ ಕೆಲವು ಪಾತ್ರಗಳಿಗೆ ಮುಖದ ಚರ್ಮವೇ ಇರಲಿಲ್ಲ. ಕೂದಲು ಇದೆ, ಗಾಳಿಯಲ್ಲಿ ತೇಲುವ ಎರಡು ಕಣ್ಣುಗುಡ್ಡೆಗಳಿವೆ, ಕೆಳಗೆ ಹಲ್ಲಿನ ಸಾಲು ಇದೆ. ಜಗತ್ತಿನಾದ್ಯಂತ ಹರಿದಾಡಿದ ಆ ಚಿತ್ರ ನೋಡಿದವರಿಗೆ ಅವಸರದ ಬೆಲೆ ಏನೆಂದು ಬೇರೆ ಹೇಳಬೇಕಿರಲಿಲ್ಲ.

ಆಮೇಲೆ ಕಂಪನಿ ನಿಧಾನಿಸಿತು, ಆದರೆ ಹೊಸ ಸಸಿಗಳು ಕೈಕೊಟ್ಟವು. 2017ರಲ್ಲಿ ಘೋಷಿಸಿದ ಕಡಲ್ಗಳ್ಳರ ಆಟ ‘ಸ್ಕಲ್ ಆ್ಯಂಡ್ ಬೋನ್ಸ್’ ಹೊರಬಂದದ್ದು 2024ರ ಫೆಬ್ರುವರಿಯಲ್ಲಿ. ಉದ್ಯಮದಲ್ಲಿ ಅತಿ ದೊಡ್ಡ ಆಟವನ್ನು ‘ಎಎಎ’ ಎನ್ನುವ ರೂಢಿ. ಗಿಯೆಮೊ ಇದನ್ನು ನಾಲ್ಕು ಎ ಹಚ್ಚಿ ಹೊಗಳಿ ನಗೆಪಾಟಲಾದರು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ‘ಎಕ್ಸ್‌ಡಿಫೈಯಂಟ್’ ಅನ್ನು ನಿಲ್ಲಿಸುವುದಾಗಿ ಡಿಸೆಂಬರಿನಲ್ಲೇ ಸಾರಬೇಕಾಯಿತು. ಆಗಸ್ಟಿನಲ್ಲಿ ಬಂದ ‘ಸ್ಟಾರ್ ವಾರ್ಸ್ ಔಟ್‌ಲಾಸ್’ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. 2008ರಲ್ಲೇ ಮೊದಲ ತುಣುಕು ತೋರಿಸಿದ ‘ಬಿಯಾಂಡ್ ಗುಡ್ ಆ್ಯಂಡ್ ಈವಿಲ್’ ಎರಡನೇ ಭಾಗವನ್ನು ಜನ ಇನ್ನೂ ಕಾಯುತ್ತಲೇ ಇದ್ದಾರೆ.

ಇಲ್ಲಿ ಒಂದು ಲೆಕ್ಕಪತ್ರದ ಸಂಗತಿ ಗಮನಿಸಬೇಕು. ಆಟಕ್ಕೆ ಸುರಿದ ಹಣದ ಬಹುಪಾಲನ್ನು ಕಂಪನಿ ಅಂದೇ ಖರ್ಚೆಂದು ಬರೆಯುವುದಿಲ್ಲ, ‘ಆಸ್ತಿ’ ಎಂದು ಬರೆದಿಟ್ಟುಕೊಳ್ಳುತ್ತದೆ. ತೋಟ ಎದ್ದು ನಿಲ್ಲುತ್ತಿದೆಯಲ್ಲ, ಅದಕ್ಕೊಂದು ಬೆಲೆ ಇದ್ದೇ ಇದೆ ಎಂಬ ಲೆಕ್ಕ. ಆಟ ರದ್ದಾದ ದಿನ ಆ ಆಸ್ತಿಯನ್ನು ಪುಸ್ತಕದಿಂದ ಅಳಿಸಬೇಕು, ಹಲವು ವರ್ಷಗಳ ಖರ್ಚು ಒಂದೇ ವರ್ಷದ ನಷ್ಟವಾಗಿ ಮೇಲೇಳುತ್ತದೆ. 2026ರ ಜನವರಿಯಲ್ಲಿ ಕಂಪನಿ ಅಂದಾಜಿಸಿದ ಸುಮಾರು 100 ಕೋಟಿ ಯೂರೊ ನಷ್ಟದಲ್ಲಿ ಸುಮಾರು 65 ಕೋಟಿ ಇಂಥದ್ದು. ಕೇಳಲು ಭಯಂಕರವಾದ ಆ ಅಂಕಿಯಲ್ಲಿ ದೊಡ್ಡ ಪಾಲು ಹಿಂದೆಂದೋ ಖರ್ಚಾಗಿ ಹೋದ ಹಣ.

ಮುಖ್ಯಸ್ಥನನ್ನು ಇಳಿಸುವವರು ಯಾರು?

ಈಗ ಮುಖ್ಯ ವಿಷಯಕ್ಕೆ ಬರೋಣ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಮೂರು ಮೆಟ್ಟಿಲುಗಳಿರುತ್ತವೆ. ಷೇರುದಾರರು ವಾರ್ಷಿಕ ಸಭೆಯಲ್ಲಿ ಮತ ಹಾಕಿ ನಿರ್ದೇಶಕರನ್ನು ಆರಿಸುತ್ತಾರೆ. ನಿರ್ದೇಶಕರ ಮಂಡಳಿ ಸಿಇಒ, ಅಂದರೆ ದಿನನಿತ್ಯದ ಆಡಳಿತ ನಡೆಸುವ ಮುಖ್ಯಸ್ಥನನ್ನು ನೇಮಿಸುತ್ತದೆ, ಬೇಡವೆಂದರೆ ತೆಗೆಯುತ್ತದೆ. ಹಾಗಾಗಿ ಸಿಇಒ ಇಳಿಯಬೇಕಾದರೆ ಒಂದೋ ಮಂಡಳಿಯ ಮನಸ್ಸು ಬದಲಾಗಬೇಕು, ಇಲ್ಲವೇ ಷೇರುದಾರರು ಮಂಡಳಿಯನ್ನೇ ಬದಲಿಸಬೇಕು. ಯೂಬಿಸಾಫ್ಟ್‌ನಲ್ಲಿ ಮಂಡಳಿಯ ಅಧ್ಯಕ್ಷ ಮತ್ತು ಸಿಇಒ ಒಬ್ಬರೇ, ಈವ್ ಗಿಯೆಮೊ. ಕೆಲಸ ಮಾಡುವವರೂ ಅವರೇ, ಕೆಲಸ ಸರಿಯಾಗಿದೆಯೇ ಎಂದು ನೋಡುವ ಸಭೆಯ ಯಜಮಾನರೂ ಅವರೇ. ಫ್ರಾನ್ಸ್‌ನಲ್ಲಿ ಇದು ಕಾನೂನುಬದ್ಧ, ಅಪರೂಪವೂ ಅಲ್ಲ.

ಇನ್ನು ಮತದ ವಿಚಾರ. ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಹತ್ತು ಹಸು ಕಟ್ಟಿದವನಿಗೂ ಒಂದೇ ಮತ, ಒಂದು ಹಸು ಇರುವವಳಿಗೂ ಒಂದೇ ಮತ. ಸಹಕಾರ ತತ್ವದಲ್ಲಿ ತಲೆ ಎಣಿಸುತ್ತಾರೆ. ಕಂಪನಿಯಲ್ಲಿ ಎಣಿಸುವುದು ಷೇರನ್ನು: ಸಾಮಾನ್ಯವಾಗಿ ಒಂದು ಷೇರಿಗೆ ಒಂದು ಮತ. ಫ್ರಾನ್ಸ್‌ನಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ತಮ್ಮ ಹೆಸರಿನಲ್ಲೇ ನೋಂದಾಯಿಸಿ ಎರಡು ವರ್ಷ ಇಟ್ಟುಕೊಂಡ ಷೇರಿಗೆ ಎರಡು ಮತ ಸಿಗುವ ವ್ಯವಸ್ಥೆ ಹಲವು ಕಂಪನಿಗಳಲ್ಲಿದೆ, ಯೂಬಿಸಾಫ್ಟ್‌ನಲ್ಲೂ ಇದೆ. ಇಂದು ಕೊಂಡು ನಾಳೆ ಮಾರುವವನಿಗಿಂತ ಕಷ್ಟಕಾಲದಲ್ಲೂ ಜೊತೆಗಿದ್ದವನ ಮಾತಿಗೆ ತೂಕ ಹೆಚ್ಚಿರಲಿ ಎಂಬುದು ಅದರ ಹಿಂದಿನ ತರ್ಕ.

ತರ್ಕ ಏನೇ ಇರಲಿ, ಲಾಭವಾಗುವುದು ಹಳಬರಿಗೆ. 2024ರಲ್ಲಿ ಈ ಚರ್ಚೆ ಕಾವೇರಿದಾಗ ಗಿಯೆಮೊ ಕುಟುಂಬದ ಕೈಯಲ್ಲಿದ್ದ ಷೇರು ಸುಮಾರು ಶೇ 15, ಮತ ಸುಮಾರು ಶೇ 20. ಐದರಲ್ಲಿ ಒಂದು ಮತ ಬಹುಮತವಲ್ಲ ಎಂದು ನೀವು ಕೇಳಬಹುದು. ಆದರೆ ದೊಡ್ಡ ಕಂಪನಿಗಳ ವಾರ್ಷಿಕ ಸಭೆಯಲ್ಲಿ ಚಿಲ್ಲರೆ ಷೇರುದಾರರಲ್ಲಿ ಅನೇಕರು ಮತ ಹಾಕುವುದೇ ಇಲ್ಲ. ಉಳಿದವರು ಸಾವಿರ ದಿಕ್ಕಿನಲ್ಲಿ ಚದುರಿರುತ್ತಾರೆ. ಅಂಥಲ್ಲಿ ಒಗ್ಗಟ್ಟಾಗಿ ನಿಂತ ಶೇ 20, ಪಂಚಾಯಿತಿ ಚುನಾವಣೆಯಲ್ಲಿ ಒಂದೇ ಕೇರಿಯ ಮತ ಇದ್ದಂತೆ. ಸ್ಥಾಪಕರ ಮಾತಿಗೆ ಷೇರಿನ ಲೆಕ್ಕವನ್ನು ಮೀರಿದ ತೂಕವೂ ಇರುತ್ತದೆ. ಬೆಂಗಳೂರಿನ ಇನ್ಫೊಸಿಸ್‌ನಲ್ಲಿ 2017ರಲ್ಲಿ ನಡೆದದ್ದು ಕನ್ನಡಿಗರಿಗೆ ನೆನಪಿದೆ. ಸ್ಥಾಪಕರ ಕುಟುಂಬಗಳ ಪಾಲು ಶೇ 13ಕ್ಕಿಂತ ಕಡಿಮೆ ಇತ್ತು. ಆದರೂ ಎನ್.ಆರ್. ನಾರಾಯಣಮೂರ್ತಿ ಎತ್ತಿದ ಆಕ್ಷೇಪಗಳ ನಡುವೆ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. ಅಲ್ಲಿ ಸ್ಥಾಪಕರು ಹೊರಗೆ ನಿಂತು ಪ್ರಶ್ನಿಸಿದರು. ಯೂಬಿಸಾಫ್ಟ್‌ನಲ್ಲಿ ಪ್ರಶ್ನೆ ಎದುರಿಸುತ್ತಿರುವವರೇ ಸ್ಥಾಪಕರು.

ಶೇ 1ಕ್ಕಿಂತ ಕಡಿಮೆ ಪಾಲಿನವರ ಬಹಿರಂಗ ಪತ್ರ

2024ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾದ ಎಜೆ ಇನ್ವೆಸ್ಟ್‌ಮೆಂಟ್ಸ್ ಎಂಬ ಹೂಡಿಕೆ ಸಂಸ್ಥೆ ಯೂಬಿಸಾಫ್ಟ್ ಮಂಡಳಿಗೆ ಬಹಿರಂಗ ಪತ್ರ ಬರೆಯಿತು. ಕಂಪನಿಯನ್ನು ಷೇರುಪೇಟೆಯಿಂದ ಹೊರತನ್ನಿ ಇಲ್ಲವೇ ಮಾರಿ, ಮುಖ್ಯಸ್ಥರನ್ನು ಬದಲಿಸಿ ಎಂಬುದು ಅದರ ಬೇಡಿಕೆ. ಅವರ ಬಳಿ ಇದ್ದ ಷೇರು ಶೇ 1ಕ್ಕಿಂತ ಕಡಿಮೆ.

ಇಂಥವರನ್ನು ಉದ್ಯಮದಲ್ಲಿ ‘ಆ್ಯಕ್ಟಿವಿಸ್ಟ್’ ಹೂಡಿಕೆದಾರರು ಎನ್ನುತ್ತಾರೆ. ಸಣ್ಣ ಪಾಲು ಕೊಳ್ಳುವುದು, ತಪ್ಪುಗಳ ಪಟ್ಟಿ ಮಾಡಿ ಪತ್ರಿಕೆಗಳಿಗೆ ಕೊಡುವುದು, ಉಳಿದ ಷೇರುದಾರರನ್ನು ಹುರಿದುಂಬಿಸುವುದು ಇವರ ಕ್ರಮ. ಗದ್ದಲದಿಂದ ಷೇರಿನ ಬೆಲೆ ಏರಿದರೆ ಅವರಿಗೂ ಲಾಭ. ಹಾಗೆಂದು ಅವರ ಟೀಕೆ ಸುಳ್ಳಾಗಬೇಕಿಲ್ಲ. ಪತ್ರ ಓದುವಾಗ ಎರಡನ್ನೂ ನೆನಪಿಟ್ಟುಕೊಂಡರೆ ಸಾಕು.

‘ಷೇರುಪೇಟೆಯಿಂದ ಹೊರತರುವುದು’ ಎಂದರೆ ಉಳಿದ ಷೇರುದಾರರೆಲ್ಲರ ಪಾಲನ್ನು ಒಂದು ಬೆಲೆಗೆ ಕೊಂಡು, ಕಂಪನಿಯನ್ನು ಕೆಲವೇ ಮಾಲೀಕರ ಖಾಸಗಿ ಸ್ವತ್ತಾಗಿಸುವುದು. ಆಗ ಮೂರು ತಿಂಗಳಿಗೊಮ್ಮೆ ಪೇಟೆಯ ಮುಂದೆ ಲೆಕ್ಕ ಒಪ್ಪಿಸುವ ಕಾಟ ಇರುವುದಿಲ್ಲ. ಫಸಲಿಗೆ ಐದಾರು ವರ್ಷ ಕಾಯಬೇಕಾದ ದಂಧೆಗೆ ಇದು ಹಿತವೆನ್ನುವವರಿದ್ದಾರೆ. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಗೇಮ್ ಕಂಪನಿಯನ್ನು ಹೀಗೆ ಕೊಳ್ಳುವ 5,500 ಕೋಟಿ ಡಾಲರ್‌ಗಳ ಒಪ್ಪಂದವನ್ನು ಸೌದಿ ಅರೇಬಿಯದ ಸರ್ಕಾರಿ ನಿಧಿ ಮತ್ತು ಅದರ ಜೊತೆಗಾರರು 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು.

ಬಾಗಿಲಿಗೆ ಬಂದವರು ಮತ್ತು ಒಳಗೆ ಕರೆಸಿಕೊಂಡವರು

ಗಿಯೆಮೊ ಕುಟುಂಬ ಕುರ್ಚಿಯನ್ನು ಇಷ್ಟು ಬಿಗಿಯಾಗಿ ಹಿಡಿದಿರುವುದಕ್ಕೆ ಹಿಂದಿನದೊಂದು ಭಯವೂ ಕಾರಣ. 2015ರಲ್ಲಿ ಫ್ರಾನ್ಸ್‌ನದೇ ಮಾಧ್ಯಮ ದೈತ್ಯ ವಿವೆಂಡಿ ಪೇಟೆಯಲ್ಲಿ ಯೂಬಿಸಾಫ್ಟ್ ಷೇರು ಕೊಳ್ಳತೊಡಗಿತು. ಒಪ್ಪದ ಕಂಪನಿಯನ್ನು ಹೀಗೆ ಷೇರು ಕೂಡಿಹಾಕಿ ವಶಪಡಿಸಿಕೊಳ್ಳುವುದು ಬಲವಂತದ ಸ್ವಾಧೀನ. ಅಣ್ಣತಮ್ಮಂದಿರಲ್ಲಿ ಮಿಶೆಲ್ ನಡೆಸುತ್ತಿದ್ದ ಮೊಬೈಲ್ ಗೇಮ್ ಕಂಪನಿ ಗೇಮ್‌ಲಾಫ್ಟ್ 2016ರಲ್ಲಿ ಹೀಗೆಯೇ ವಿವೆಂಡಿಯ ಪಾಲಾಯಿತು. ಮನೆಯ ಒಂದು ಕೋಣೆ ಹೋಗಿತ್ತು, ಹಜಾರ ಉಳಿದಿತ್ತು.

ಫ್ರಾನ್ಸ್‌ನ ನಿಯಮದ ಪ್ರಕಾರ ಯಾರಾದರೂ ಶೇ 30ರ ಗಡಿ ದಾಟಿದರೆ ಉಳಿದ ಎಲ್ಲರ ಷೇರನ್ನೂ ಕೊಳ್ಳಲು ಮುಂದಾಗಬೇಕು. ವಿವೆಂಡಿ ಶೇ 27ರ ಆಚೆಗೆ ಬಂದು ನಿಂತಿತ್ತು. ಕುಟುಂಬ ತನ್ನ ಪಾಲು ಹೆಚ್ಚಿಸಿಕೊಂಡಿತು, ಮಿತ್ರ ಹೂಡಿಕೆದಾರರನ್ನು ಹುಡುಕಿತು. 2018ರ ಮಾರ್ಚಿನಲ್ಲಿ ವಿವೆಂಡಿ ತನ್ನ ಪಾಲನ್ನು ಷೇರೊಂದಕ್ಕೆ 66 ಯೂರೊದಂತೆ, ಸುಮಾರು 200 ಕೋಟಿ ಯೂರೊಗೆ ಮಾರಿ ಹೊರನಡೆಯಿತು. ಆಗ ಒಳಬಂದವರಲ್ಲಿ ಒಬ್ಬರು ಚೀನಾದ ಇಂಟರ್ನೆಟ್ ಮತ್ತು ಗೇಮಿಂಗ್ ದೈತ್ಯ ಟೆನ್ಸೆಂಟ್.

2022ರಲ್ಲಿ ಟೆನ್ಸೆಂಟ್ 30 ಕೋಟಿ ಯೂರೊ ಕೊಟ್ಟು ಯೂಬಿಸಾಫ್ಟ್ ಷೇರು ಹಿಡಿದಿರುವ ಗಿಯೆಮೊ ಕುಟುಂಬದ ಸ್ವಂತ ಕಂಪನಿಯಲ್ಲಿ ಶೇ 49.9 ಪಾಲು ಪಡೆಯಿತು. ಅದರಲ್ಲಿ ಟೆನ್ಸೆಂಟ್‌ನ ಮತ ಎಷ್ಟು ಗೊತ್ತೇ? ಶೇ 5 ಮಾತ್ರ. ಯೂಬಿಸಾಫ್ಟ್‌ನಲ್ಲಿ ನೇರ ಪಾಲು ಎಂಟು ವರ್ಷ ಶೇ 9.99 ಮೀರುವಂತಿಲ್ಲ ಎಂದೂ ಬರೆಸಿಕೊಂಡರು. ಹಣ ಬೇಕು, ಹಣದ ಜೊತೆ ಬರುವ ಅಧಿಕಾರ ಬೇಡ. ಒಪ್ಪಂದ ಬರೆದವರ ಜಾಣ್ಮೆಯನ್ನು ಮೆಚ್ಚಲೇಬೇಕು.

ಮುಂದಿನ ಹೆಜ್ಜೆ 2025ರದು. ‘ಅಸ್ಯಾಸಿನ್ಸ್ ಕ್ರೀಡ್’, ‘ಫಾರ್ ಕ್ರೈ’, ‘ರೇನ್‌ಬೋ ಸಿಕ್ಸ್’ ಎಂಬ ಮೂರು ಕಾಮಧೇನುಗಳನ್ನು ಪ್ರತ್ಯೇಕಿಸಿ ವ್ಯಾಂಟೇಜ್ ಸ್ಟುಡಿಯೋಸ್ ಎಂಬ ಅಂಗಸಂಸ್ಥೆ ಮಾಡಲಾಯಿತು. ಅದರಲ್ಲಿ ಸುಮಾರು ಶೇ 25 ಪಾಲಿಗೆ ಟೆನ್ಸೆಂಟ್ 116 ಕೋಟಿ ಯೂರೊ ಕೊಟ್ಟಿತು. ತಾಯಿ ಕಂಪನಿಯ ಷೇರು ನೆಲಕಚ್ಚಿರುವಾಗಲೂ ಮಗಳ ಕಂಪನಿಯ ಕಾಲುಭಾಗಕ್ಕೆ ಅಷ್ಟು ಬೆಲೆ! ಹೂಡಿಕೆದಾರರ ಸಿಟ್ಟಿಗೆ ಇದೂ ಒಂದು ಕಾರಣ: ಆಟಗಳಿಗೆ ಬೆಲೆ ಇದೆ, ಆಡಳಿತಕ್ಕೆ ಇಲ್ಲ ಎಂದು ಪೇಟೆಯೇ ಹೇಳುತ್ತಿದೆ ಎಂಬುದು ಟೀಕಾಕಾರರ ವಾದ.

ನೌಕರರ ಮಾತು

ನೌಕರರ ದೂರುಗಳು ಷೇರುದಾರರ ದೂರಿಗಿಂತ ಹಳೆಯವು. 2020ರಲ್ಲಿ ಕಂಪನಿಯೊಳಗಿನ ಕಿರುಕುಳದ ಬಗ್ಗೆ ಸಾಲುಸಾಲು ಆರೋಪಗಳು ಬಂದವು. 2025ರ ಜುಲೈನಲ್ಲಿ ಫ್ರಾನ್ಸ್‌ನ ನ್ಯಾಯಾಲಯ ಮೂವರು ಮಾಜಿ ಅಧಿಕಾರಿಗಳನ್ನು ತಪ್ಪಿತಸ್ಥರೆಂದಿತು. ಗಿಯೆಮೊ ಆ ಪ್ರಕರಣದ ಆರೋಪಿಯಲ್ಲ. ಇಷ್ಟೆಲ್ಲ ನಡೆಯುವಾಗ ಮೇಲಿದ್ದವರು ಏನು ನೋಡುತ್ತಿದ್ದರು ಎಂಬುದು ನೌಕರರ ಪ್ರಶ್ನೆ. 2026ರ ಜನವರಿಯಲ್ಲಿ ಆಟಗಳು ರದ್ದಾದಾಗಲೇ ವಾರದ ಐದೂ ದಿನ ಕಚೇರಿಗೆ ಬರಬೇಕೆಂಬ ಆದೇಶವೂ ಬಂತು. ಕಾರ್ಮಿಕ ಸಂಘಗಳು ಮುಷ್ಕರಕ್ಕೆ ಕರೆಕೊಟ್ಟವು. ಗದ್ದಲ ಎಬ್ಬಿಸಲು ಅವರಿಗೆ ಸಾಧ್ಯ, ಮುಖ್ಯಸ್ಥನನ್ನು ಆರಿಸುವ ಮೆಟ್ಟಿಲಿನಲ್ಲಿ ಅವರ ಬಲ ಕಡಿಮೆ.

ಬದಲಿಸಿದರೆ ಸರಿಹೋಗುತ್ತದೆಯೇ?

ಎರಡು ನಿದರ್ಶನಗಳಿವೆ, ಎರಡೂ ಒಂದೇ ಕಾಲದವು.

ಮೊದಲನೆಯದು ಎಲೆಕ್ಟ್ರಾನಿಕ್ ಆರ್ಟ್ಸ್. ನಿಗದಿಪಡಿಸಿದ ಆದಾಯ ಮುಟ್ಟದ ಹೊಣೆ ಹೊತ್ತು 2013ರ ಮಾರ್ಚಿನಲ್ಲಿ ಸಿಇಒ ಜಾನ್ ರಿಕಿಟೆಲ್ಲೊ ಕೆಳಗಿಳಿದರು. ಸೆಪ್ಟೆಂಬರಿನಲ್ಲಿ ಆ್ಯಂಡ್ರ್ಯೂ ವಿಲ್ಸನ್ ಬಂದರು, ನಂತರದ ವರ್ಷಗಳಲ್ಲಿ ಷೇರು ಹಲವು ಪಟ್ಟು ಏರಿತು. ಬದಲಾವಣೆ ಫಲಿಸಿತು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ ಆ ಏರಿಕೆಗೆ ಹಣ ಸುರಿದ ದೊಡ್ಡ ಬಾವಿಗಳಲ್ಲೊಂದು ಫುಟ್‌ಬಾಲ್ ಆಟದೊಳಗಿನ ‘ಅಲ್ಟಿಮೇಟ್ ಟೀಮ್’. ಆಟಗಾರರ ಕಾರ್ಡ್‌ಗಳ ಪೊಟ್ಟಣ ಕೊಂಡು ತಂಡ ಕಟ್ಟುವ ಈ ವ್ಯವಸ್ಥೆ ಶುರುವಾದದ್ದು 2009ರಲ್ಲಿ, ರಿಕಿಟೆಲ್ಲೊ ಅವಧಿಯಲ್ಲಿ. ಸಸಿ ನೆಟ್ಟವರೊಬ್ಬರು, ಗೊನೆ ಕೊಯ್ದವರೊಬ್ಬರು. ವಿಲ್ಸನ್ ಕಂಪನಿಯ ಕ್ರೀಡಾ ವಿಭಾಗದಲ್ಲೇ ಬೆಳೆದವರಾದ್ದರಿಂದ ನೀರು ಹಾಯಿಸಿದ ಪಾಲು ಅವರಿಗೂ ಸಲ್ಲಬೇಕು.

ಎರಡನೆಯದು ಜಪಾನಿನ ನಿಂಟೆಂಡೊ. ‘ವೀ ಯು’ ಎಂಬ ಅದರ ಗೇಮ್ ಆಡುವ ಯಂತ್ರ ನೆಲಕಚ್ಚಿತ್ತು. ಆ ಆರ್ಥಿಕ ವರ್ಷದಲ್ಲಿ 90 ಲಕ್ಷ ಯಂತ್ರ ಮಾರುತ್ತೇವೆ ಎಂದಿದ್ದ ಕಂಪನಿ 2014ರ ಜನವರಿಯಲ್ಲಿ ಅದನ್ನು 28 ಲಕ್ಷಕ್ಕೆ ಇಳಿಸಿತು. ಅಧ್ಯಕ್ಷ ಸತೋರು ಇವಾಟ ಇಳಿಯಲಿ, ಕಂಪನಿ ಯಂತ್ರ ಬಿಟ್ಟು ಮೊಬೈಲ್ ಆಟ ಮಾಡಲಿ ಎಂಬ ಒತ್ತಡ ಬಂತು. ಇವಾಟ ಇಳಿಯಲಿಲ್ಲ. ಐದು ತಿಂಗಳು ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿದುಕೊಂಡರು. ತಾತ್ಕಾಲಿಕ ಲೆಕ್ಕ ಸರಿದೂಗಿಸಲು ಜನರನ್ನು ಮನೆಗೆ ಕಳಿಸಿದರೆ ಉಳಿದವರ ಉತ್ಸಾಹ ಕುಗ್ಗುತ್ತದೆ ಎಂದು ಹಿಂದಿನ ವರ್ಷದ ಷೇರುದಾರರ ಸಭೆಯಲ್ಲೇ ಹೇಳಿದ್ದರು. 2015ರ ಮಾರ್ಚಿನಲ್ಲಿ ಹೊಸ ಯಂತ್ರ ಬರುತ್ತಿದೆ ಎಂದು ತಾವೇ ಸಾರಿ, ಜುಲೈನಲ್ಲಿ 55ನೇ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಆ ಯಂತ್ರ 2017ರ ಮಾರ್ಚ್ 3ರಂದು ‘ಸ್ವಿಚ್’ ಆಗಿ ಬಂತು. ಈವರೆಗೆ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ.

ಗಿಯೆಮೊ ಪರ ವಾದಿಸುವವರು ಇವಾಟ ಹೆಸರನ್ನು ಎತ್ತುತ್ತಾರೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ. ನಿಂಟೆಂಡೊ ಕೈಯಲ್ಲಿ ಹೇರಳ ನಗದು ಇತ್ತು, ಸಾಲದ ಕಾಟ ಇರಲಿಲ್ಲ, ಒಂದು ಯಂತ್ರ ಸೋತರೂ ಇನ್ನೊಂದಕ್ಕೆ ಕಾಯುವ ತ್ರಾಣವಿತ್ತು. ಯೂಬಿಸಾಫ್ಟ್ ಕಾಯುವ ಹಣಕ್ಕಾಗಿ ತೋಟದ ಅತ್ಯುತ್ತಮ ಭಾಗದಲ್ಲಿ ಪಾಲು ಕೊಡಬೇಕಾಯಿತು.

ಇಳಿದರೂ ಎದುರಾಗುವ ಪ್ರಶ್ನೆ

ನಾಳೆ ಈವ್ ಗಿಯೆಮೊ ತಾವಾಗಿಯೇ ಎದ್ದು ನಿಂತರೆಂದುಕೊಳ್ಳಿ. ಹೊಸಬರಿಗೆ ಸಿಗುವುದು ಏನು? ಎಂದೋ ಒಪ್ಪಿಗೆ ಪಡೆದು ಅರ್ಧ ಬೆಳೆದ ಆಟಗಳು, ಕಾಲುಭಾಗ ಟೆನ್ಸೆಂಟ್‌ನ ಹೆಸರಿನಲ್ಲಿರುವ ಮೂರು ದೊಡ್ಡ ಹೆಸರುಗಳು, ಎರಡೆರಡು ಮತ ಹಿಡಿದ ಹಳೆಯ ಷೇರುದಾರರು. ಅವರ ಸ್ವಂತ ನಿರ್ಧಾರಗಳ ಫಲ ಅಂಗಡಿಗೆ ಬರುವುದು ಇನ್ನೂ ನಾಲ್ಕೈದು ವರ್ಷಕ್ಕೆ.

ಆ ಮೂರು ದೊಡ್ಡ ಹೆಸರುಗಳಿರುವ ವ್ಯಾಂಟೇಜ್‌ಗೆ ಇಬ್ಬರು ಜಂಟಿ ಮುಖ್ಯಸ್ಥರನ್ನು 2025ರಲ್ಲೇ ನೇಮಿಸಿ ಆಗಿದೆ. ಒಬ್ಬರು ಕ್ರಿಸ್ಟೋಫ್ ಡೆರೆನ್. ಇನ್ನೊಬ್ಬರು ಶಾರ್ಲಿ ಗಿಯೆಮೊ, ಈವ್ ಅವರ ಮಗ.